ಆರು ವರ್ಷದ ಮಗ ಎಡಿಎಚ್‌ಡಿ ಮಾತ್ರೆ ನುಂಗೋದಿಲ್ಲ. ಶಾಲೆ ಶುರುವಾಗೋಕೆ ಹತ್ತು ದಿನ ಇದೆ. ಅವನಿಗೆ ಗೊತ್ತಾಗದಂತೆ ಯಾವುದರಲ್ಲಿ ಬೆರೆಸಿ ಕೊಡಬಹುದು?

ಯಾವುದರಲ್ಲೂ ಬೆರೆಸಬೇಡಿ. ‘ಗೊತ್ತಾಗದಂತೆ’ ಅಂತ ಬರೆದಿದ್ದೀರಲ್ಲ, ಅದೇ ಕೆಲಸವನ್ನ ನಾನು ಮೂರು ತಿಂಗಳು ಮಾಡಿದ್ದೀನಿ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಮ್ಮದು ಹಾಸನ. ಮಗನಿಗೆ ಈಗ ಒಂಬತ್ತು ವರ್ಷ. ಐದನೇ ವರ್ಷದಲ್ಲಿ ಆಟಿಸಂ ಅಂದ್ರು, ಜೊತೆಗೆ ಎಡಿಎಚ್‌ಡಿನೂ (ಗಮನ ಒಂದು ಕಡೆ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರೋ ಹಾಗಿದೆ ಅಂದ್ರು. ಆಗಲೇ ಮಾತ್ರೆ ಕೊಡಲಿಲ್ಲ. ಅಷ್ಟು ಚಿಕ್ಕವರಿಗೆ ಮೊದಲು ಅಪ್ಪ ಅಮ್ಮ ತರಬೇತಿ ತಗೋಬೇಕು, ಅದು ಸಾಲದಿದ್ರೆ ಆಮೇಲೆ ಔಷಧಿ ಅಂತ ಬೆಂಗಳೂರಿನ ಡಾಕ್ಟರು ಹೇಳಿದ್ರು. ತಗೊಂಡ್ವಿ. ಸ್ವಲ್ಪ ಉಪಯೋಗವೂ ಆಯ್ತು. ಆದರೆ ಒಂದನೇ ಕ್ಲಾಸಿಗೆ ಸೇರಿಸಿದ ಮೇಲೆ ದಿನಾ ಮಧ್ಯಾಹ್ನ ಶಾಲೆಯಿಂದ ಫೋನು. ಆರೂವರೆ ವರ್ಷಕ್ಕೆ ಎಡಿಎಚ್‌ಡಿ ಔಷಧಿ ಮಿಥೈಲ್‌ಫೆನಿಡೇಟ್ ಶುರುವಾಯ್ತು.

ಮೊದಲು ಬರೆದುಕೊಟ್ಟದ್ದು ಮಾಮೂಲಿ ಮಾತ್ರೆ, 5 ಮಿಲಿಗ್ರಾಂ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು. ನಮ್ಮ ಹುಡುಗ ಮಾತ್ರೆಯನ್ನ ನಾಲಿಗೆ ಮೇಲೆ ಇಡೋಕೂ ಬಿಡ್ತಿರಲಿಲ್ಲ. ಬಾಯಿ ಮುಚ್ಚಿಕೊಂಡ್ರೆ ಮುಗೀತು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಮೂಗು ಹಿಡಿದು ಕುಡಿಸೋದು, ಕೈಕಾಲು ಹಿಡಿಯೋದು ಎಲ್ಲ ಒಂದು ದಿನ ಮಾಡಿದ್ವಿ. ಅವತ್ತು ವಾಂತಿ ಮಾಡಿಕೊಂಡ, ಸಂಜೆವರೆಗೂ ಮಂಚದ ಕೆಳಗಿಂದ ಆಚೆ ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದಕ್ಕೆ, ಈ ಮಾತ್ರೆಯಾದ್ರೆ ಪುಡಿ ಮಾಡಿ ಕೊಡಬಹುದು ಅಂದ್ರು. ‘ಈ ಮಾತ್ರೆಯಾದ್ರೆ’ ಅಂದಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನನ್ನ ಹೆಂಡತಿ ಸರ್ಕಾರಿ ಶಾಲೆ ಟೀಚರು, ಏಳು ಗಂಟೆ ಬಸ್ಸಿಗೆ ಹೋಗಿಬಿಡ್ತಾಳೆ. ಬೆಳಗಿನ ಕೆಲಸ ನಂದು. ನಮ್ಮಮ್ಮನ ಎಲೆ ಅಡಿಕೆ ಕುಟ್ಟಾಣಿಯನ್ನ ಚೆನ್ನಾಗಿ ತೊಳೆದು, ಅದರಲ್ಲಿ ಮಾತ್ರೆ ಕುಟ್ಟಿ, ಮೊಸರನ್ನಕ್ಕೆ ಕಲಸಿ ಕೊಡೋಕೆ ಶುರು ಮಾಡಿದೆ. ಮೊಸರನ್ನವೇ ಯಾಕೆ ಅಂದ್ರೆ, ಅವನು ತಿನ್ನುತ್ತಿದ್ದದ್ದೇ ಐದು ಪದಾರ್ಥ. ಒಗ್ಗರಣೆ ಇಲ್ಲದ ಮೊಸರನ್ನ, ತುಪ್ಪದ ದೋಸೆ, ಬೇಯಿಸಿದ ಆಲೂಗಡ್ಡೆ, ಹುರಿಗಡಲೆ, ಒಂದೇ ಒಂದು ಥರದ ಬಿಸ್ಕತ್ತು. ಈ ಐದರಲ್ಲಿ ಕಹಿಯನ್ನ ಮುಚ್ಚೋ ಹುಳಿ ಇದ್ದದ್ದು ಮೊಸರಿಗೆ ಮಾತ್ರ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಶಾಲೆಯವರು ಮಧ್ಯಾಹ್ನದ ಮಾತ್ರೆ ಕೊಡೋಕೆ ಒಪ್ಪಲಿಲ್ಲ. ಅದಕ್ಕೆ ಡಾಕ್ಟರು ಎಸ್‌ಆರ್ ಮಾತ್ರೆಗೆ ಬದಲಾಯಿಸಿದ್ರು, 10 ಮಿಲಿಗ್ರಾಂ, ಬೆಳಿಗ್ಗೆ ಒಂದೇ ಸಲ. ನಾನು ಅದನ್ನೂ ಕುಟ್ಟಾಣಿಗೆ ಹಾಕಿದೆ.

ಇದೇ ನನ್ನ ತಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದ್ರೆ ನೀವು ಯಾವ ಮಾತ್ರೆ ಅಂತ ಬರೆದಿಲ್ಲ. ತೋಟಕ್ಕೆ ಹನಿ ನೀರಾವರಿ ಹಾಕಿರೋದು ನೋಡಿರ್ತೀರಿ. ತೊಟ್ಟು ತೊಟ್ಟಾಗಿ ದಿನವಿಡೀ ಬೇರಿಗೆ ನೀರು ಇಳಿಯುತ್ತೆ. ಎಸ್‌ಆರ್ ಮಾತ್ರೆಯನ್ನ ಹಾಗೆ ಕಟ್ಟಿರ್ತಾರೆ, ಔಷಧಿ ನಿಧಾನವಾಗಿ ಬಿಡುಗಡೆ ಆಗಲಿ ಅಂತ. ಅದನ್ನ ಕುಟ್ಟಿದ್ರೆ, ಅಗಿದ್ರೆ ಆ ಕಟ್ಟೇ ಒಡೆದುಹೋಗುತ್ತೆ. ಕೆರೆ ತೂಬು ಎತ್ತಿದ ಹಾಗೆ ಇಡೀ ದಿನದ್ದು ಒಟ್ಟಿಗೇ ನುಗ್ಗುತ್ತೆ, ಮಧ್ಯಾಹ್ನದ ಹೊತ್ತಿಗೆ ಕೆರೆ ಖಾಲಿ. ನಮ್ಮ ಮನೆಯಲ್ಲಿ ಆದದ್ದು ಅಕ್ಷರಶಃ ಇದೇ. ಹತ್ತು ಗಂಟೆವರೆಗೆ ಗೊಂಬೆ ಥರ ಕೂತಿರ್ತಾನೆ, ಉಗುರಿನ ಪಕ್ಕದ ಚರ್ಮ ಕಿತ್ತುಕೊಳ್ತಾನೆ, ಕರೆದ್ರೂ ತಿರುಗಲ್ಲ ಅಂತ ಮಿಸ್ಸು ಡೈರಿಯಲ್ಲಿ ಬರೀತಿದ್ರು. ಹನ್ನೆರಡರ ಮೇಲೆ ಅಳು, ಪಕ್ಕದವರಿಗೆ ಹೊಡೆಯೋದು, ಮೊದಲಿಗಿಂತ ಜೋರು. ನಾನು ಡಾಕ್ಟರಿಗೆ ಏನು ಹೇಳಿದೆ? ‘ಮಧ್ಯಾಹ್ನಕ್ಕೆ ಸಾಕಾಗ್ತಿಲ್ಲ ಸಾರ್’ ಅಂದೆ. ಅವರು 20 ಮಾಡಿದ್ರು. ಅದನ್ನೂ ಕುಟ್ಟಿದೆ.

ನಾಲ್ಕನೇ ದಿನ ಶೂ ಲೇಸ್ ಕಟ್ಟುತ್ತಿದ್ದಾಗ ನನ್ನ ಕೈ ಹಿಡಿದು ಅವನ ಎದೆ ಮೇಲೆ ಇಟ್ಟುಕೊಂಡ. ‘ಅಪ್ಪಾ, ಇಲ್ಲಿ ಓಡ್ತಿದೆ.’ ಅಂಗೈ ಕೆಳಗೆ ಗುಬ್ಬಿ ಮರಿ ಹಿಡಿದ ಹಾಗಿತ್ತು. ಅವತ್ತು ಶಾಲೆಗೆ ಕಳಿಸಲಿಲ್ಲ. ಡಾಕ್ಟರು ಫೋನಿನಲ್ಲಿ ಎಲ್ಲ ಕೇಳಿ ಕೊನೆಗೆ, ‘ಮಾತ್ರೆ ಹೇಗೆ ಕೊಡ್ತೀರಿ?’ ಅಂದ್ರು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಸದ್ಯಕ್ಕೆ ನಿಲ್ಲಿಸಿ, ನಾಳೆಯೇ ಕರಕೊಂಡು ಬನ್ನಿ’ ಅಂದ್ರು. ನಾಡಿ, ಬಿಪಿ, ಇಸಿಜಿ ಎಲ್ಲ ನೋಡಿದ್ರು, ದೇವರ ದಯೆ, ಏನೂ ಆಗಿರಲಿಲ್ಲ. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. 10ಕ್ಕೇ ಇಳಿಸಿ ಕಳಿಸಿದ್ರು, ಇಡಿಯಾಗಿ ನುಂಗಿಸಿ ಅಂತ.

ಇಷ್ಟೇ ಆಗಿದ್ರೆ ಔಷಧಿಯ ಪಾಠ ಅಂತ ಬಿಡಬಹುದಿತ್ತು. ಮಾರನೇ ದಿನ ಏನು ಮಾಡಿದೆ ಗೊತ್ತಾ? ಶಾಲೆಗೆ ಹೊತ್ತಾಗುತ್ತೆ, ಇವತ್ತೊಂದು ದಿನಕ್ಕೆ ಅಂತ, ಮನೆಯಲ್ಲಿ ಉಳಿದಿದ್ದ ಹಳೇ 5ರ ಮಾತ್ರೆಯನ್ನ ಕುಟ್ಟುತ್ತಿದ್ದೆ. ಇವನು ನೀರಿಗೆ ಅಂತ ಅಡುಗೆಮನೆಗೆ ಬಂದ.

‘ಅದೇನು ಬಿಳೀದು?’

‘ಸಕ್ಕರೆ ಪುಟ್ಟ.’

ಬೆರಳು ಅದ್ದಿ ನೆಕ್ಕಿದ. ಮುಖ ಕಿವುಚಲಿಲ್ಲ. ಕುಟ್ಟಾಣಿ ನೋಡಿದ, ಪಕ್ಕದಲ್ಲಿದ್ದ ಮೊಸರನ್ನದ ತಟ್ಟೆ ನೋಡಿದ. ‘ಸಕ್ಕರೆ ಅಲ್ಲ’ ಅಂದು ಆಚೆ ಹೋದ.

ಅವತ್ತಿನಿಂದ ಮೊಸರನ್ನ ಬಂದ್. ನಾನು ಕೊಟ್ಟದ್ದು ಮಾತ್ರ ಅಲ್ಲ, ಅಜ್ಜಿ ಕಲಸಿದ್ದು, ಅವರಮ್ಮ ಕಲಸಿದ್ದು, ಮದುವೆ ಮನೆಯದ್ದು, ಯಾವುದೂ ಬೇಡ. ಐದು ಪದಾರ್ಥ ನಾಲ್ಕಾಯ್ತು. ಈ ಔಷಧಿಗೆ ಮೊದಲೇ ಹಸಿವು ಕಮ್ಮಿ ಆಗುತ್ತೆ, ಅದರ ಮೇಲೆ ಇದು. 19 ಕೆಜಿ ಇದ್ದವನು ನಾಲ್ಕು ತಿಂಗಳಲ್ಲಿ 17ಕ್ಕೆ ಬಂದ. ನೀರು ಕೂಡ ಅವನ ಕಣ್ಣೆದುರಿಗೇ ಬಗ್ಗಿಸಿ ಕೊಡಬೇಕಿತ್ತು, ಇಲ್ಲದಿದ್ರೆ ಲೋಟ ಮುಟ್ಟುತ್ತಿರಲಿಲ್ಲ. ಆಹಾರದ ವಿಷಯದಲ್ಲಿ ಸೂಕ್ಷ್ಮ ಇರೋ ಮಕ್ಕಳಿಗೆ ಒಂದೊಂದು ತಿಂಡಿಯೂ ಒಂದೊಂದು ಭದ್ರವಾದ ಜಾಗ. ಆ ಜಾಗಕ್ಕೆ ಅವರಪ್ಪನೇ ಕಳ್ಳನ ಹಾಗೆ ನುಗ್ಗಿದ್ರೆ ಮಗು ಇನ್ನೆಲ್ಲಿ ಕೂತು ಉಣ್ಣಬೇಕು? ಹೀಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನೀವು ಕೇಳಬೇಕಾದ್ದು ಹೇಗೆ ಬಚ್ಚಿಡೋದು ಅಂತಲ್ಲ, ಹೇಗೆ ಕಲಿಸೋದು ಅಂತ. ನುಂಗೋದು ಕೂಡ ಸೈಕಲ್ಲಿನ ಥರ ಕಲಿಯೋ ವಿದ್ಯೆ. ಡಾಕ್ಟರು ಪುಡಿ ಮಾಡಬಹುದು ಅಂದಿದ್ರೂ ಸರಿ, ಮಗುವಿಗೆ ಹೇಳಿಯೇ ಮಾಡಿ, ಅವನ ಮುಂದೆಯೇ ಮಾಡಿ.

ನಾವು ಮಾಡಿದ್ದು ಹೇಳ್ತೀನಿ. ಎರಡು ವಾರ ಮಾತ್ರೆಯನ್ನೇ ನಿಲ್ಲಿಸಿದ್ವಿ, ಡಾಕ್ಟರನ್ನ ಕೇಳಿಯೇ. ಒಂದು ಭಾನುವಾರ ನೆಲದ ಮೇಲೆ ಅವನ ಪಕ್ಕ ಕೂತು, ಮಾತ್ರೆಯ ಸ್ಟ್ರಿಪ್ ಕೈಗೆ ಕೊಟ್ಟು, ‘ನಾನು ಸುಳ್ಳು ಹೇಳಿದ್ದೆ’ ಅಂದೆ.

‘ಎಷ್ಟು ದಿನ?’

‘ಮೂರು ತಿಂಗಳು.’

‘ಭಾನುವಾರಾನೂ?’

‘ಭಾನುವಾರಾನೂ.’

‘ರಾತ್ರಿ ಮೊಸರನ್ನದಲ್ಲೂ?’

‘ಇಲ್ಲ, ಬೆಳಗಿನದ್ದರಲ್ಲಿ ಮಾತ್ರ.’

ತುಂಬಾ ಹೊತ್ತು ಸ್ಟ್ರಿಪ್ಪಿನ ಗುಳ್ಳೆಗಳನ್ನ ಎಣಿಸುತ್ತಾ ಕೂತಿದ್ದ. ಆಮೇಲೆ, ‘ಇದನ್ನ ಯಾರು ಮಾಡಿದ್ದು?’ ಅಂದ. ಅವನಿಗೆ ಎಲ್ಲದಕ್ಕೂ ಯಾರು, ಯಾವಾಗ, ಎಲ್ಲಿ ಬೇಕು. ಹುಡುಕಿ ಹೇಳಿದೆ. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲಿಯಾಂಡ್ರೊ ಪಾನಿಜೋನ್ ಅನ್ನೋ ರಸಾಯನಶಾಸ್ತ್ರಜ್ಞ ಮೊದಲು ತಯಾರಿಸಿದ್ರು, ಅವರ ಹೆಂಡತಿಯನ್ನ ರೀಟಾ ಅಂತ ಕರೀತಿದ್ರು, ಅದರಿಂದಲೇ ಈ ಔಷಧಿಗೆ ರಿಟಾಲಿನ್ ಅನ್ನೋ ಬ್ರ್ಯಾಂಡ್ ಹೆಸರು ಬಂತು. ಅವನಿಗೆ ಇದು ಬಹಳ ಹಿಡಿಸಿತು. ಅವತ್ತಿನಿಂದ ಮಾತ್ರೆ ಹೆಸರು ರೀಟಾ ಆಂಟಿ.

ಇನ್ನೊಂದು ವಿಷಯ, ನಮ್ಮ ಹುಡುಗನಿಗೆ ಕೆಎಸ್‌ಆರ್‌ಟಿಸಿ ಬಸ್ಸು ಅಂದ್ರೆ ಪ್ರಾಣ. ಹಾಸನ, ಬೇಲೂರು, ಚಿಕ್ಕಮಗಳೂರು ಅಂತ ಬೋರ್ಡು ಬರೆದುಕೊಂಡು ಓಡಾಡ್ತಾನೆ. ಆಟ ಅವನೇ ಕಟ್ಟಿದ. ನಾಲಿಗೆ ಬಸ್ ಸ್ಟ್ಯಾಂಡು, ನೀರು ಬಸ್ಸು, ಮಾತ್ರೆ ಪ್ಯಾಸೆಂಜರು. ನಾನು ಕಂಡಕ್ಟರು. ‘ಹತ್ತಿದ್ರಾ?’ ಅಂತೀನಿ, ತಲೆ ಆಡಿಸ್ತಾನೆ, ‘ರೈಟ್ ರೈಟ್’ ಅಂದ ತಕ್ಷಣ ನುಂಗಬೇಕು. ಮೊದಲ ದಿನ ಬರೀ ನೀರು, ಖಾಲಿ ಬಸ್ಸು. ಎರಡನೇ ದಿನದಿಂದ ಹೋಮಿಯೋಪತಿ ಅಂಗಡಿಯಲ್ಲಿ ಸಿಗೋ ಔಷಧಿ ಹಾಕದ ಸಕ್ಕರೆ ಗುಂಡು, ಅತಿ ಸಣ್ಣದ್ದು. ಅದು ಸಲೀಸಾದ ಮೇಲೆ ಒಂದು ಸೈಜು ದೊಡ್ಡದು. ದಿನಕ್ಕೆ ಐದು ನಿಮಿಷ, ಅಷ್ಟೇ. ಸಿಕ್ಕಿಹಾಕಿಕೊಂಡ ದಿನ ಹಿಂದಿನ ಸೈಜಿಗೆ ವಾಪಸ್. ಸ್ಟೀಲ್ ಲೋಟದ ವಾಸನೆ ಆಗಲ್ಲ ಅಂದ, ಸ್ಟ್ರಾ ಕೊಟ್ವಿ. ಸ್ಟ್ರಾದಲ್ಲಿ ಹೀರುವಾಗ ನೀರಿನ ಜೊತೆ ಗುಂಡೂ ಜಾರಿ ಹೋಗ್ತಿತ್ತು, ನಮಗೇ ಆಶ್ಚರ್ಯ. ಹನ್ನೊಂದನೇ ದಿನ ರೀಟಾ ಆಂಟಿ ಹತ್ತಿದ್ಲು. ಒಂದು ಎಚ್ಚರಿಕೆ: ಮಾತ್ರೆಯನ್ನ ಚಾಕಲೇಟು, ಪೆಪ್ಪರಮಿಂಟು ಅಂತ ಯಾವತ್ತೂ ಕರೀಬೇಡಿ, ಡಬ್ಬಿ ಕೈಗೆ ಸಿಗೋ ಕಡೆ ಇಡಬೇಡಿ.

ನಿಮ್ಮದು ಮಾತ್ರೆಯೋ ಕ್ಯಾಪ್ಸೂಲೋ ನೋಡಿಕೊಳ್ಳಿ. ಕ್ಯಾಪ್ಸೂಲ್ ಹಗುರ, ನೀರಿನ ಮೇಲೆ ತೇಲುತ್ತೆ. ನಾವೆಲ್ಲ ‘ತಲೆ ಹಿಂದಕ್ಕೆ ಹಾಕು’ ಅಂತೀವಲ್ಲ, ಹಾಗೆ ಮಾಡಿದ್ರೆ ಅದು ಹಲ್ಲಿನ ಕಡೆ ಬಂದುಬಿಡುತ್ತೆ. ಗದ್ದವನ್ನ ಎದೆ ಕಡೆ ಬಗ್ಗಿಸಿ ನುಂಗಿಸಿ. ಅಟಾಮಾಕ್ಸಿಟಿನ್ ಅನ್ನೋ ಇನ್ನೊಂದು ಎಡಿಎಚ್‌ಡಿ ಔಷಧಿಯ ಕ್ಯಾಪ್ಸೂಲ್ ಆದ್ರೆ ಬಿಚ್ಚಲೇಬೇಡಿ, ಆ ಪುಡಿ ಕಣ್ಣಿಗೆ ಬಿದ್ರೆ ಉರಿ. ಬಿಚ್ಚಿ ಕಾಳು ಉದುರಿಸಿ ಕೊಡಬಹುದಾದ ಕ್ಯಾಪ್ಸೂಲುಗಳೂ ಇವೆ, ಅವನ್ನೂ ಅಗಿಯೋ ಹಾಗಿಲ್ಲ. ಯಾವುದು ಯಾವ ಜಾತಿ ಅಂತ ಡಾಕ್ಟರ ಹತ್ತಿರ ಚೀಟಿಯ ಮೇಲೆ ಬರೆಸಿಕೊಳ್ಳಿ. ನನ್ನ ಹಾಗೆ ಅರ್ಧ ಕಿವಿಯಲ್ಲಿ ಕೇಳಬೇಡಿ.

ಡಾಕ್ಟರು ಬೇರೆ ಥರ ಹೇಳದಿದ್ರೆ ತಿಂಡಿ ಆದ ಮೇಲೆ ಮಾತ್ರೆ, ತಿಂಡಿಗೆ ಮೊದಲು ಅಲ್ಲ. ಮಧ್ಯಾಹ್ನ ಡಬ್ಬಿ ತುಂಬಿದ ಹಾಗೇ ವಾಪಸ್ ಬರುತ್ತೆ, ಜಗಳ ಆಡಬೇಡಿ. ಸಂಜೆ ಆರರ ಮೇಲೆ ಹಸಿವು ಬರುತ್ತೆ, ಆಗ ಎರಡು ಸಲ ಬಡಿಸಿ. ತೂಕ, ಎತ್ತರ ಬರೆದಿಡಿ.

ಅತ್ತೆ, ಅಮ್ಮ, ಪಕ್ಕದ ಮನೆಯವರು ‘ಇಷ್ಟು ಚಿಕ್ಕ ಮಗೂಗೆ ತಲೆ ಮಾತ್ರೆ ಯಾಕೆ’ ಅಂತ ಕೇಳೇ ಕೇಳ್ತಾರೆ. ನಮ್ಮಮ್ಮನೂ ಕೇಳಿದ್ರು. ಮೆಡಿಕಲ್ ಶಾಪಿನವನು ಇದು ಶೆಡ್ಯೂಲ್ ಎಕ್ಸ್, ಅಂದ್ರೆ ಕಾನೂನಿನ ಬಿಗಿ ಪಟ್ಟಿಯಲ್ಲಿರೋ ಮಾತ್ರೆ, ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲೇ ಇಟ್ಟುಕೊಳ್ಳಬೇಕು ಅಂದಾಗಂತೂ ಅವರಿಗೆ ಮೊಮ್ಮಗನಿಗೆ ಅಫೀಮು ಕೊಡಿಸ್ತಿದ್ದೀನಿ ಅನ್ನೋ ಹಾಗಾಗಿತ್ತು. ವಾದ ಮಾಡಲಿಲ್ಲ. ಎಲ್ಲ ಅಂಗಡಿಗೂ ಇದರ ಲೈಸೆನ್ಸ್ ಇರಲ್ಲ, ಸ್ಟ್ರಿಪ್ ಮುಗಿಯೋಕೆ ಒಂದು ವಾರ ಮೊದಲೇ ವಿಚಾರಿಸಿ.

ಹತ್ತು ದಿನದಲ್ಲಿ ಆಗುತ್ತಾ ಅನ್ನೋದು ನಿಮ್ಮ ಆತಂಕ. ಆಗದೇ ಇರಬಹುದು. ಡಾಕ್ಟರು ಒಪ್ಪಿದ್ರೆ ಮೊದಲ ಎರಡು ವಾರ ಮಾತ್ರೆ ಇಲ್ಲದೆಯೇ ಶಾಲೆಗೆ ಹೋಗಲಿ, ಡೈರಿಯಲ್ಲಿ ಎರಡು ದೂರು ಜಾಸ್ತಿ ಬರಲಿ. ನಮ್ಮ ಹುಡುಗ ಈಗ ತನ್ನ ಮಾತ್ರೆ ತಾನೇ ನುಂಗ್ತಾನೆ, ‘ರೈಟ್ ರೈಟ್’ ಕೂಡ ಅವನೇ ಹೇಳಿಕೊಳ್ತಾನೆ. ಮೊಸರನ್ನ ಮತ್ತೆ ತಿನ್ನೋಕೆ ಒಂದೂಕಾಲು ವರ್ಷ ಹಿಡೀತು. ಈಗಲೂ ತಟ್ಟೆ ಮುಂದಿಟ್ಟರೆ ಮೊದಲು ಚಮಚದಲ್ಲಿ ತಳದವರೆಗೂ ಒಂದು ಸಲ ಮಗುಚಿ ನೋಡ್ತಾನೆ. ನಾನು ಎದುರಿಗೇ ಕೂತಿರ್ತೀನಿ.