ಓದುಗರ ಪ್ರಶ್ನೆ: ಭಟ್ಟಿಯ ಒಳಲೇಪ ಕಳಚಿದ್ದೇಕೆ?

ಪ್ರಶ್ನೆ: ಹಿತ್ತಾಳೆ ಕರಗಿಸುವ ಗ್ಯಾಸ್ ಭಟ್ಟಿಗೆ ಸೆರಾಮಿಕ್ ಫೈಬರ್ ಬ್ಲಾಂಕೆಟ್ (ಶಾಖ ತಡೆಯುವ ಎಳೆಗಳ ಹಾಸು) ಹಾಕಿ, ಮೇಲೆ ಹೈ ಅಲ್ಯೂಮಿನಾ ಮಾರ್ಟರ್ (ಉರಿ ತಾಳುವ ಗಾರೆ) ಬಳಿದೆ. ಎರಡು ದಿನ ಒಣಗಿಸಿ ಬರ್ನರ್ ಹಚ್ಚಿದರೆ ಅರ್ಧ ಗಂಟೆಯೊಳಗೆ ಹಪ್ಪಳದಂತೆ ಉಬ್ಬಿ ಕಳಚಿತು. ಒಳಗಿನ ಅಗಲ 25 ಸೆಂ.ಮೀ., ಎತ್ತರ 30. ಮಾಲೇ ಕೆಟ್ಟದ್ದೇ?
– ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಮಾಲಿಗಿಂತ ಮೊದಲು ನೀರನ್ನು ಅನುಮಾನಿಸಿ. ಲೇಪದ ಮೈ ಒಣಗಿದ್ದರೂ ಹಿಂದಿನ ಬ್ಲಾಂಕೆಟ್ ಹಸಿಯಾಗಿಯೇ ಇರುತ್ತದೆ. ಅರಳೆಯಂಥ ಆ ಎಳೆಗಳು ಮಾರ್ಟರಿನ ನೀರು ಹೀರಿಕೊಂಡಿರುತ್ತವೆ. ಉರಿ ಜೋರಾದಾಗ ಅದು ಹಬೆಯಾಗಿ, ದಾರಿ ಸಿಗದೆ ಲೇಪವನ್ನೇ ಎತ್ತುತ್ತದೆ. ನಮ್ಮ ಕಡೆಯ ಜಿಟಿಜಿಟಿ ಮಳೆಗಾಲದಲ್ಲಂತೂ ಎರಡು ದಿನ ಯಾತಕ್ಕೂ ಸಾಲದು.

ಹಳೆಯದನ್ನು ಕೆರೆಯುವಾಗ ನೀರು ಚಿಮುಕಿಸಿ, ಎನ್95 ಮಾಸ್ಕ್ ಕಟ್ಟಿಕೊಳ್ಳಿ. ಕಾದ ಫೈಬರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಇದರಲ್ಲಿ ಉದಾಸೀನ ಬೇಡವೇ ಬೇಡ.

ಬ್ಲಾಂಕೆಟ್ಟಿಗೆ ಕೊಲಾಯ್ಡಲ್ ಸಿಲಿಕಾ (ಸಿಲಿಕಾದ ಅತಿಸಣ್ಣ ಕಣಗಳು ತೇಲುವ ದ್ರವ) ಸುಮಾರು ಅರ್ಧ ಲೀಟರ್ ಸಿಂಪಡಿಸಿ. ಪೂರ್ತಿ ಒಣಗಿದ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಎಳೆ ಗಟ್ಟಿಯಾಗುತ್ತವೆ. ತಣಿದ ಮೇಲೆ ಮೈಯನ್ನು ತುಸು ತೇವ ಮಾಡಿ. ಒಣ ಮೈಗೆ ಬಳಿದರೆ ಮಾರ್ಟರಿನ ನೀರು ಒಮ್ಮೆಲೇ ಇಂಗಿ ಹಿಡಿತ ಕೂರುವುದಿಲ್ಲ. ಮೊದಲ ಕೈ ದೋಸೆ ಹಿಟ್ಟಿನಷ್ಟು ತೆಳ್ಳಗೆ, ಬ್ರಷ್ಷಿನಿಂದ ತಿಕ್ಕಿ. ಎರಡನೆಯದು ಇಡ್ಲಿ ಹಿಟ್ಟಿನಷ್ಟು ದಪ್ಪ. ಎರಡೂ ಸೇರಿ 5 ಮಿ.ಮೀ. ಸಾಕು. ಮುಚ್ಚಳವೂ ಸೇರಿ ನಿಮ್ಮ ಅಳತೆಗೆ ಸುಮಾರು 3 ಕಿಲೋ ಪುಡಿ ಬೇಕು.

ಮುಚ್ಚಳ ತೆರೆದು ನಾಲ್ಕು ದಿನ ಬಿಡಿ. ಆಮೇಲೆ ಒಂದು ದಿನ ಒಳಗೆ 100 ವ್ಯಾಟಿನ ಹಳೆ ಮಾದರಿಯ ಬಲ್ಬ್ ಉರಿಸಿ. ಬಳಿಕ ಸಣ್ಣ ಉರಿ: ಥರ್ಮೋಕಪಲ್ (ಭಟ್ಟಿಯ ಬಿಸಿ ಅಳೆಯುವ ಸಾಧನ) 110 ಡಿಗ್ರಿ ತೋರಿಸುವಂತೆ ನಾಲ್ಕು ಗಂಟೆ. ಬರ್ನರ್ ಆರಿಸಿ, ಭಟ್ಟಿಯ ಬಾಯಿಗೆ ತಣ್ಣನೆಯ ಕನ್ನಡಿ ಹಿಡಿಯಿರಿ. ಮಂಜು ಕಟ್ಟಿದರೆ ಇನ್ನೂ ನೀರಿದೆ, ಮುಂದೆ ಹೋಗಬೇಡಿ. ಕಟ್ಟದಿದ್ದರೆ ಗಂಟೆಗೆ 50 ಡಿಗ್ರಿಯಂತೆ 300ಕ್ಕೆ ಏರಿಸಿ ಎರಡು ಗಂಟೆ ನಿಲ್ಲಿಸಿ, ಅಲ್ಲಿಂದ ಗಂಟೆಗೆ 100ರಂತೆ 1,050ರವರೆಗೆ. ಅಲ್ಲಿ ಒಂದು ಗಂಟೆ ನಿಂತರೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅದಿಲ್ಲದಿದ್ದರೆ ಲೇಪ ಬರೀ ಒಣಮಣ್ಣು, ಲೋಹ ಕರಗಿಸುವ ಮೂಸೆ ತಾಗಿದರೆ ಉದುರುತ್ತದೆ. ಮುಚ್ಚಳ ಹಾಕಿಯೇ ತಣಿಸಿ. ಚೀಲದ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ.

ಪ್ರಶ್ನೆ: ಸುಟ್ಟ ಲೇಪದಲ್ಲಿ ಬಿರುಕು ಕಾಣುತ್ತಿವೆ. ಮತ್ತೆ ಬಳಿಯಬೇಕೇ?
– ಓದುಗರು, ಗದಗ

ಉತ್ತರ: ಕೂದಲೆಳೆಯಷ್ಟಿದ್ದರೆ ಬಿಡಿ, ಕಾದಾಗ ಮುಚ್ಚಿಕೊಳ್ಳುತ್ತವೆ. ಒಳಗಿನ ಬ್ಲಾಂಕೆಟ್ಟಿನ ಎಳೆ ಕಾಣುವಷ್ಟು ಬಾಯಿಬಿಟ್ಟಿದ್ದರೆ ತೇವ ಮಾಡಿ ಅದೇ ಮಾರ್ಟರ್ ತುಂಬಿ, ಮತ್ತೆ ನಿಧಾನ ಕಾಯಿಸಿ. ಲೋಹದ ಕೊಳೆ ತೆಗೆಯಲು ಬಿಳಿಗಾರ (ಬೋರಾಕ್ಸ್) ಬಳಸುವವರು ಇದನ್ನು ಮುಂದೂಡಬಾರದು. ಕರಗಿದ ಬಿಳಿಗಾರ ಬಿರುಕಿನೊಳಗೆ ಇಳಿದರೆ ಬ್ಲಾಂಕೆಟ್ಟನ್ನೇ ಕರಗಿಸಿ ಗುಂಡಿ ಮಾಡುತ್ತದೆ.