ಪ್ರತಿಕ್ರಿಯೆ: ಡ್ಯೂಟಿ ಕಟ್ಟೋಕೆ ರೆಡಿ ಇದ್ರೂ ಚೀನಾ ಆಟಿಕೆ ಚೆನ್ನೈ ಪೋರ್ಟಲ್ಲಿ ಯಾಕೆ ಬಿಡ್ತಿಲ್ಲ?
ಡ್ಯೂಟಿ ಪ್ರಾಬ್ಲಂ ಅಲ್ಲ ಇದು, ಆಟಿಕೆ ತಯಾರಿಸಿದ ಫ್ಯಾಕ್ಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೈಸೆನ್ಸ್ ಇಲ್ಲದೇ ಇರೋದೇ ಕಾರಣ ಅನ್ಸುತ್ತೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಬಿಐಎಸ್ ಲೈಸೆನ್ಸ್ ಇದ್ರೆ ಮಾತ್ರ ಹಾಕೋ ಐಎಸ್ಐ ಮಾರ್ಕ್ ಕಡ್ಡಾಯ, ನಿಮ್ಮ ಸಪ್ಲೈಯರ್ ಕೊಟ್ಟಿರೋ ಸಿಇ (ಯುರೋಪಿನ) ಸರ್ಟಿಫಿಕೇಟ್ ಇಲ್ಲಿ ನಡಿಯಲ್ಲ.

ಮೊದ್ಲು ಅವರ ಹತ್ರ ಸಿಎಂ/ಎಲ್ ನಂಬರ್ (ಬಿಐಎಸ್ ಲೈಸೆನ್ಸ್ ನಂಬರ್) ಕೇಳಿ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಿ, ಫ್ಯಾಕ್ಟರಿ ಅಡ್ರೆಸ್ಸೂ ಮ್ಯಾಚ್ ಆಗ್ಬೇಕು ಯಾಕಂದ್ರೆ ಲೈಸೆನ್ಸ್ ಕೊಡೋದು ಮಾಲು ತಯಾರಿಸೋ ಫ್ಯಾಕ್ಟರಿಗೆ, ನಿಮಗೂ ಅಲ್ಲ ಮಧ್ಯದ ಟ್ರೇಡರ್‌ಗೂ ಅಲ್ಲ (ನಾನೂ ಎಡವಿದ್ದು ಇಲ್ಲೇ). ಲೈಸೆನ್ಸ್ ಯಾವ ಭಾರತೀಯ ಮಾನದಂಡಕ್ಕೆ (ಐಎಸ್) ಅಂತಾನೂ ನೋಡಿ, ಬ್ಯಾಟರಿ ಆಟಿಕೆ ಆದ್ರೆ ಐಎಸ್ 15644 ಇರ್ಬೇಕು, ಸಾದಾ ಆದ್ರೆ ಐಎಸ್ 9873.

ಅಷ್ಟರಲ್ಲಿ ಡೆಮರೇಜ್ (ಮಾಲು ಪೋರ್ಟಲ್ಲೇ ಉಳಿದಿದ್ದಕ್ಕೆ ಬೀಳೋ ಚಾರ್ಜ್) ಏರ್ತಾನೇ ಇರುತ್ತೆ, ಅದಕ್ಕೆ ಇವತ್ತೇ ಸಿಎಚ್ಎಗೆ (ನಿಮ್ಮ ಕಸ್ಟಮ್ಸ್ ಏಜೆಂಟ್‌ಗೆ) ಹೇಳಿ ಕಸ್ಟಮ್ಸ್ ಆ್ಯಕ್ಟ್ ಸೆಕ್ಷನ್ 49ರ ಕೆಳಗೆ ಮಾಲನ್ನ ವೇರ್‌ಹೌಸ್‌ಗೆ ಶಿಫ್ಟ್ ಮಾಡೋಕೆ ಅರ್ಜಿ ಕೊಡ್ಸಿ.

ಲೈಸೆನ್ಸ್ ಇಲ್ವೇ ಇಲ್ಲ ಅಂದ್ರೆ ಈಗ ಅಪ್ಲೈ ಮಾಡ್ಸಿ ಕಾಯೋದು ವೇಸ್ಟು, ಬಿಐಎಸ್‌ನವರು ಫ್ಯಾಕ್ಟರಿಗೇ ಹೋಗಿ ಇನ್ಸ್‌ಪೆಕ್ಷನ್ ಮಾಡ್ಬೇಕು. ಸುಮ್ನೆ ರೀ-ಎಕ್ಸ್‌ಪೋರ್ಟ್‌ಗೆ (ಮಾಲನ್ನ ವಾಪಸ್ ಹೊರಗೆ ಕಳ್ಸೋಕೆ) ಕಸ್ಟಮ್ಸ್‌ಗೆ ಲೆಟರ್ ಕೊಟ್ಟು ಪರ್ಮಿಷನ್ ಕೇಳಿ. ದಂಡ ಎಷ್ಟು ಬೀಳುತ್ತೆ ಅನ್ನೋದು ಕೇಸ್ ನೋಡೋ ಆಫೀಸರ್ ಮೇಲಿದೆ, ಲೆಟರಲ್ಲಿ ಸಪ್ಲೈಯರ್ ಜೊತೆಗಿನ ಮೇಲ್‌ಗಳ ಕಾಪಿ ಲಗತ್ತಿಸಿ.