ಶ್ವಾಸಕೋಶದ ದೀರ್ಘಕಾಲದ ಕಾಯಿಲೆಗಳ ಸಂಶೋಧನೆಗೆ ಇಲಿ ಸಾಲದೇ? ಕುರಿ, ಹಂದಿ, ಕುದುರೆಗಳೇಕೆ?

ಇಲಿ ಅಗ್ಗ, ಬೇಗ ಮರಿ ಹಾಕುತ್ತದೆ, ಹೀಗಿರುವಾಗ ದೊಡ್ಡ ಪ್ರಾಣಿಗಳ ಗೋಜೇಕೆ ಎಂಬುದು ನಿಮ್ಮ ಪ್ರಶ್ನೆ. ಪಶುವೈದ್ಯಕೀಯ ರೋಗಶಾಸ್ತ್ರ ನನ್ನ ವೃತ್ತಿಯಾದ್ದರಿಂದ, ಸೂಕ್ಷ್ಮದರ್ಶಕದಡಿ ಕಾಣುವುದರಿಂದಲೇ ಆರಂಭಿಸುತ್ತೇನೆ. ಮನುಷ್ಯರಲ್ಲಿ ಲೋಳೆಗ್ರಂಥಿಗಳು ಶ್ವಾಸನಾಳದ ಕವಲುಗಳ ಉದ್ದಕ್ಕೂ, ಮೃದ್ವಸ್ಥಿ ಇರುವವರೆಗೆ ಹರಡಿರುತ್ತವೆ. ಇಲಿಯಲ್ಲಿ ಅವು ಮುಖ್ಯ ಶ್ವಾಸನಾಳದ ಮೇಲ್ಭಾಗಕ್ಕಷ್ಟೇ ಸೀಮಿತ. ಕಫ ಕಟ್ಟಿ ವರ್ಷಗಟ್ಟಲೆ ಕಾಡುವ ಕಾಯಿಲೆಯನ್ನು, ಆ ಕಫ ಹುಟ್ಟುವ ಗ್ರಂಥಿಗಳೇ ಅಪರೂಪವಾಗಿರುವ ಶ್ವಾಸಕೋಶದಲ್ಲಿ ಹುಡುಕುವುದು ಕಷ್ಟ.

ಕಫ ಗಟ್ಟಿಯಾಗಿ ಶ್ವಾಸನಾಳಗಳಲ್ಲಿ ಕಟ್ಟಿಕೊಳ್ಳುವ ಆನುವಂಶಿಕ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಕಾರಣವಾದ ವಂಶವಾಹಿ 1989ರಲ್ಲಿ ಪತ್ತೆಯಾಯಿತು, 1992ರಲ್ಲಿ ಆ ವಂಶವಾಹಿ ಕೆಡಿಸಿದ ಇಲಿಗಳು ಸಿದ್ಧವಾದವು; ಅವುಗಳಿಗೆ ಕರುಳಿನ ತೊಂದರೆ ಬಂತೇ ಹೊರತು ಮನುಷ್ಯರಲ್ಲಿ ಕಾಣುವಂಥ ಶ್ವಾಸಕೋಶದ ರೋಗ ತಾನಾಗಿ ಬರಲಿಲ್ಲ. 2008ರಲ್ಲಿ ಅದೇ ವಂಶವಾಹಿ ಇಲ್ಲದ ಹಂದಿಮರಿಗಳು ಹುಟ್ಟಿದಾಗ ಚಿತ್ರ ಬದಲಾಯಿತು. ಹುಟ್ಟಿದಾಗ ಅವುಗಳ ಶ್ವಾಸಕೋಶದಲ್ಲಿ ಉರಿಯೂತವಿರಲಿಲ್ಲ, ಆದರೆ ಒಳಹೊಕ್ಕ ಬ್ಯಾಕ್ಟೀರಿಯಾಗಳನ್ನು ಹೊರಹಾಕುವ ಶಕ್ತಿ ಆಗಲೇ ಕುಂದಿತ್ತು. ಸೋಂಕು, ಉರಿಯೂತ, ಕಫದ ಅಡಚಣೆಗಳೆಲ್ಲ ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಬಂದವು. ಮೊದಲು ಉರಿಯೂತವೋ ಸೋಂಕೋ ಎಂಬ ಹಳೆಯ ವಾದದಲ್ಲಿ, ಸೋಂಕೇ ಮೊದಲು ಎನ್ನುವವರಿಗೆ ಇದರಿಂದ ಗಟ್ಟಿ ಆಧಾರ ಸಿಕ್ಕಿತು. ಈ ಮರಿಗಳು ಕರುಳು ಕಟ್ಟಿಕೊಂಡೇ ಹುಟ್ಟುವುದರಿಂದ ಕೂಡಲೇ ಶಸ್ತ್ರಚಿಕಿತ್ಸೆ ಮಾಡದಿದ್ದರೆ ಉಳಿಯುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಕುರಿಯ ಅನುಕೂಲ ಬೇರೆ. ಮನುಷ್ಯರಿಗೆ ಬಳಸುವ ಬ್ರಾಂಕೋಸ್ಕೋಪನ್ನೇ (ಶ್ವಾಸನಾಳದ ಒಳಗನ್ನು ನೋಡುವ ಕೊಳವೆ) ಅದರ ಶ್ವಾಸನಾಳಕ್ಕೆ ಇಳಿಸಿ, ಶ್ವಾಸಕೋಶದ ಒಂದು ಖಂಡಕ್ಕೆ ಬ್ಲಿಯೊಮೈಸಿನ್ ಎಂಬ ಕ್ಯಾನ್ಸರ್ ಔಷಧ ಹಾಕಿ ಗಾಯದ ನಾರು ಬೆಳೆಸಬಹುದು, ಇನ್ನೊಂದು ಖಂಡಕ್ಕೆ ಬರೀ ಉಪ್ಪುನೀರು ಬಿಟ್ಟು ಹೋಲಿಕೆಗೆ ಇಟ್ಟುಕೊಳ್ಳಬಹುದು. ರೋಗಿಯೂ ಆರೋಗ್ಯವಂತನೂ ಒಂದೇ ಪ್ರಾಣಿಯೊಳಗೆ!

ಕುದುರೆಗೆ ನಾವು ರೋಗ ತರಿಸಬೇಕಾದ್ದೇ ಇಲ್ಲ. ಲಾಯದಲ್ಲಿ ಬೂಷ್ಟು ಹಿಡಿದ ಒಣಹುಲ್ಲಿನ ಧೂಳು ಕುಡಿದು ಅದಕ್ಕೆ ಆಸ್ತಮಾ ತಾನಾಗಿಯೇ ಬರುತ್ತದೆ. ಉಸಿರು ಬಿಡಲು ಹೊಟ್ಟೆಯನ್ನು ಎರಡೆರಡು ಬಾರಿ ಒತ್ತಿ ಒತ್ತಿ, ಪಕ್ಕೆಯ ಅಂಚಿನಲ್ಲಿ ಸ್ನಾಯು ದಪ್ಪಗಾಗಿ ಗೆರೆ ಮೂಡಿರುತ್ತದೆ. ಬಯಲಿಗೆ ಬಿಟ್ಟರೆ ಉಸಿರಾಟ ಸರಾಗವಾಗುತ್ತದೆ, ಮತ್ತೆ ಲಾಯಕ್ಕೆ ತಂದರೆ ಮರುಕಳಿಸುತ್ತದೆ. ಹಾಗಾಗಿ ಶ್ವಾಸನಾಳದ ಗೋಡೆಯಲ್ಲಿ ಆದ ಬದಲಾವಣೆ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಒಂದೇ ಕುದುರೆಯಲ್ಲಿ ವರ್ಷಗಟ್ಟಲೆ ಅಳೆಯಬಹುದು. ನನ್ನ ಮಟ್ಟಿಗೆ ಆಸ್ತಮಾದ ಅತ್ಯಂತ ಪ್ರಾಮಾಣಿಕ ಮಾದರಿ ಇದೇ.

ಇಷ್ಟಾದರೂ ಒಂದು ವಂಶವಾಹಿಯ ಕೆಲಸವನ್ನಷ್ಟೇ ತಿಳಿಯಬೇಕಿದ್ದರೆ ನಾನು ಇಲಿಯನ್ನೇ ಆರಿಸುತ್ತೇನೆ. ಇಲಿಯ ಪರೀಕ್ಷೆಗಳಿಗೆ ಬೇಕಾದ ಪ್ರತಿಕಾಯಗಳು (ಅಂಗಾಂಶದಲ್ಲಿ ನಿರ್ದಿಷ್ಟ ಪ್ರೋಟೀನನ್ನು ಗುರುತಿಸಿ ಹಿಡಿಯುವ ಅಣುಗಳು) ಸಿದ್ಧವಾಗಿ ಸಿಗುತ್ತವೆ; ಕುರಿಗೋ ಕುದುರೆಗೋ ಹೊಂದುವುದನ್ನು ಹುಡುಕಿ, ಅದು ನಿಜಕ್ಕೂ ಹಿಡಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದರಲ್ಲೇ ತಿಂಗಳುಗಳು ಕಳೆಯುತ್ತವೆ.